ಮಾನವ ಪ್ರೋಟೀನುಗಳ ಭೂಪಟ: ಕಂದು ಬಣ್ಣವನ್ನು ಎಷ್ಟು ನಂಬಬೇಕು?

ಪದವಿ ತರಗತಿಯ ಮೊದಲ ಪ್ರಯೋಗ ನಿಮಗೆ ನೆನಪಿರಬಹುದು. ಕೈಗೆ ಒಂದು ಸ್ಕ್ರೂ ಗೇಜ್ ಕೊಟ್ಟು, ತಂತಿಯ ವ್ಯಾಸವನ್ನು ಅಳೆಯಿರಿ ಎನ್ನುತ್ತಾರೆ. ಅವಸರದ ವಿದ್ಯಾರ್ಥಿ ತಂತಿಯನ್ನು ಸಿಕ್ಕಿಸಿ ಅಳತೆ ಬರೆದುಕೊಳ್ಳುತ್ತಾನೆ. ಎಚ್ಚರದ ವಿದ್ಯಾರ್ಥಿ ಮೊದಲು ಏನನ್ನೂ ಇಡದೆ ತಿರುಪನ್ನು ಮುಚ್ಚಿ, ಮಾಪಕ ಸೊನ್ನೆಯನ್ನು ತೋರಿಸುತ್ತದೆಯೇ ಎಂದು ನೋಡುತ್ತಾನೆ. ತೋರಿಸದಿದ್ದರೆ ಆ ವ್ಯತ್ಯಾಸವೇ ಶೂನ್ಯ ದೋಷ. ಅದನ್ನು ಕಳೆಯದೆ ಬರೆದ ಅಳತೆ ಮೂರು ದಶಮಾಂಶ ಸ್ಥಾನಗಳವರೆಗೆ ಇದ್ದರೂ ತಪ್ಪೇ. ಏನೂ ಇಲ್ಲದಿರುವಾಗ ಉಪಕರಣ ಏನನ್ನು ತೋರಿಸುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೂ, ಏನೋ ಇರುವಾಗ ಅದು ತೋರಿಸಿದ್ದಕ್ಕೆ ಅರ್ಥವಿಲ್ಲ.

ಭೌತವಿಜ್ಞಾನದ ಅಧ್ಯಾಪಕನಾದ ನಾನು ಪ್ರೋಟೀನುಗಳ ಬಗ್ಗೆ ಬರೆಯಲು ಹೊರಟಿರುವುದಕ್ಕೆ ಈ ಶೂನ್ಯ ದೋಷವೇ ಕಾರಣ. ಕೆಲವು ವರ್ಷಗಳ ಹಿಂದೆ ಜೀವವಿಜ್ಞಾನದ ಸಂಶೋಧನಾ ವಿದ್ಯಾರ್ಥಿಯೊಬ್ಬರ ಪ್ರಗತಿ ಪರಿಶೀಲನಾ ಸಭೆಗೆ ಬೇರೆ ವಿಭಾಗದ ಸದಸ್ಯನಾಗಿ ಹೋಗಿದ್ದೆ. ಪರದೆಯ ಮೇಲೆ ವೆಸ್ಟರ್ನ್ ಬ್ಲಾಟ್ ಎಂಬ ಪರೀಕ್ಷೆಯ ಚಿತ್ರವಿತ್ತು. ಅದರಲ್ಲಿ ಒಂದರ ಕೆಳಗೊಂದು ಮೂರು ಕಪ್ಪು ಪಟ್ಟಿಗಳು. "ಇವುಗಳಲ್ಲಿ ನಿಮ್ಮ ಪ್ರೋಟೀನು ಯಾವುದು?" ಎಂದು ಕೇಳಿದೆ. "ನಡುವಿನದು ಸರ್, ತೂಕ ಸರಿಹೊಂದುತ್ತದೆ" ಎಂದರು. "ಉಳಿದೆರಡು?" ಉತ್ತರವಿಲ್ಲ. "ಆ ಪ್ರೋಟೀನು ಇಲ್ಲವೇ ಇಲ್ಲದ ಜೀವಕೋಶಗಳನ್ನು ಹಾಕಿ ನೋಡಿದ್ದೀರಾ?" ಎಂದು ಕೇಳಿದಾಗ, "ತಯಾರಿಸಿದ ಕಂಪೆನಿಯವರೇ ಪರೀಕ್ಷಿಸಿ ಕಳಿಸಿದ್ದಾರೆ ಸರ್" ಎಂಬ ಉತ್ತರ ಬಂತು. ಎಂಟು ತಿಂಗಳ ಕೆಲಸವನ್ನು ಅವರು ಬದಿಗಿಡಬೇಕಾಯಿತೆಂದು ಆಮೇಲೆ ತಿಳಿಯಿತು. ಆ ವಿದ್ಯಾರ್ಥಿಯನ್ನು ದೂರಲು ಇದನ್ನು ಹೇಳುತ್ತಿಲ್ಲ. ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಾಲಯಗಳೂ ಇದೇ ಉತ್ತರವನ್ನು ನಂಬಿಕೊಂಡಿದ್ದವು.

ಈ ದೃಷ್ಟಿಯಿಂದ, ನಮ್ಮ ಕಾಲದ ಬಹುದೊಡ್ಡ ವೈಜ್ಞಾನಿಕ ಕೃತಿಗಳಲ್ಲೊಂದಾದ ಮಾನವ ಪ್ರೋಟೀನ್ ಭೂಪಟವನ್ನು, ಅಂದರೆ ಹ್ಯೂಮನ್ ಪ್ರೋಟೀನ್ ಅಟ್ಲಾಸ್ ಅನ್ನು, ನಿಮ್ಮೊಂದಿಗೆ ಕುಳಿತು ಓದಿ ನೋಡುವುದು ಈ ಲೇಖನದ ಉದ್ದೇಶ.

ಭೂಪಟದ ಹಿನ್ನೆಲೆ

2003ರಲ್ಲಿ ಮಾನವ ಜೀನೋಮ್ ಯೋಜನೆ ಮುಗಿದಾಗ ನಮ್ಮ ವಂಶವಾಹಿಗಳ ಪಟ್ಟಿ ಕೈಗೆ ಬಂತು. ಪ್ರೋಟೀನುಗಳನ್ನು ತಯಾರಿಸಲು ಸೂಚನೆ ನೀಡುವ ವಂಶವಾಹಿಗಳು ಸುಮಾರು 20,000. ಆದರೆ ವಂಶವಾಹಿ ಎಂಬುದು ಅಡುಗೆಯ ಪುಸ್ತಕವಿದ್ದಂತೆ. ಯಾವ ಮನೆಯಲ್ಲಿ ಯಾವ ಅಡುಗೆ ಆಗಿದೆ ಎಂಬುದು ಪುಸ್ತಕ ನೋಡಿದರೆ ಗೊತ್ತಾಗುವುದಿಲ್ಲ. ಯಕೃತ್ತಿನ ಕೋಶದಲ್ಲೂ ಮಿದುಳಿನ ಕೋಶದಲ್ಲೂ ಇರುವ ಪುಸ್ತಕ ಒಂದೇ, ಆದರೆ ಅಲ್ಲಿ ತಯಾರಾಗುವ ಪ್ರೋಟೀನುಗಳು ಬೇರೆ ಬೇರೆ. ಯಾವ ಪ್ರೋಟೀನು ಯಾವ ಅಂಗಾಂಶದಲ್ಲಿ, ಯಾವ ಕೋಶದಲ್ಲಿ, ಕೋಶದ ಯಾವ ಭಾಗದಲ್ಲಿ ಇದೆ ಎಂದು ತೋರಿಸುವ ಭೂಪಟ ಬೇಕಾಗಿತ್ತು.

ಸ್ವೀಡನ್ನಿನಲ್ಲಿ ಅದೇ 2003ರಲ್ಲಿ ಈ ಕೆಲಸ ಆರಂಭವಾಯಿತು. ಸ್ಟಾಕ್‌ಹೋಮಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಮಥಿಯಾಸ್ ಉಲೇನ್ ಇದರ ನಾಯಕರು. ಹಣ ನೀಡಿದ್ದು ಕ್ನುಟ್ ಮತ್ತು ಆಲಿಸ್ ವಾಲೆನ್‌ಬರ್ಗ್ ಪ್ರತಿಷ್ಠಾನ. 2005ರಲ್ಲಿ ಸುಮಾರು 700 ಪ್ರತಿಕಾಯಗಳ ಫಲಿತಾಂಶಗಳೊಂದಿಗೆ ಮೊದಲ ಆವೃತ್ತಿ ಪ್ರಕಟವಾಯಿತು. 2015ರ ಜನವರಿಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅಂಗಾಂಶಗಳ ಭೂಪಟ ಬಂದಾಗ ಪ್ರತಿಕಾಯಗಳ ಸಂಖ್ಯೆ 24,028ಕ್ಕೆ ಏರಿತ್ತು. ಅವು 16,975 ವಂಶವಾಹಿಗಳ ಪ್ರೋಟೀನುಗಳನ್ನು ಗುರುತಿಸುವಂಥವು. ಕೋಶದೊಳಗಿನ ನೆಲೆಗಳ ಭೂಪಟ 2017ರಲ್ಲಿ ಪ್ರಕಟವಾಯಿತು. ಒಂದು ಕೋಟಿಗೂ ಹೆಚ್ಚು ಚಿತ್ರಗಳಿರುವ ಈ ಇಡೀ ಸಂಗ್ರಹ ಯಾರು ಬೇಕಾದರೂ ಉಚಿತವಾಗಿ ನೋಡಲು ತೆರೆದಿದೆ.

ನಮ್ಮ ದೇಶಕ್ಕೂ ಇದರಲ್ಲಿ ಪಾಲಿದೆ. ಬಣ್ಣ ಹಾಕಿದ ಅಂಗಾಂಶಗಳ ಚಿತ್ರಗಳನ್ನು ಒಂದೊಂದಾಗಿ ನೋಡಿ ಟಿಪ್ಪಣಿ ಬರೆಯುವ ದೊಡ್ಡ ಕೆಲಸವನ್ನು ಮುಂಬಯಿಯ ರೋಗಲಕ್ಷಣ ತಜ್ಞರು, ಅಂದರೆ ಪೆಥಾಲಜಿಸ್ಟರು, ವರ್ಷಗಟ್ಟಲೆ ಮಾಡಿದರು. ಇಷ್ಟು ಚಿತ್ರಗಳನ್ನು ಮನುಷ್ಯರ ಕಣ್ಣೇ ಪರಿಶೀಲಿಸಿದೆ ಎಂಬುದು ಈ ಕೃತಿಯ ಹಿರಿಮೆ. ಅದರ ಮಿತಿಯೂ ಅಲ್ಲೇ ಇದೆ.

ಪ್ರತಿಕಾಯವೆಂಬ ಅಳತೆಯ ಉಪಕರಣ

ಈ ಭೂಪಟದ ಎಲ್ಲ ಅಂಗಾಂಶ ಚಿತ್ರಗಳ ಹಿಂದೆ ಇರುವುದು ಪ್ರತಿಕಾಯ, ಅಂದರೆ ಆಂಟಿಬಾಡಿ. ನಮ್ಮ ದೇಹ ಹೊರಗಿನ ವಸ್ತುಗಳನ್ನು ಗುರುತಿಸಿ ಹಿಡಿಯಲು ತಯಾರಿಸುವ ಪ್ರೋಟೀನು ಅದು. ಮೊಲವೊಂದಕ್ಕೆ ಮನುಷ್ಯನ ಪ್ರೋಟೀನಿನ ಒಂದು ತುಣುಕನ್ನು ಚುಚ್ಚಿದರೆ, ಆ ತುಣುಕಿಗೆ ಅಂಟಿಕೊಳ್ಳುವ ಪ್ರತಿಕಾಯಗಳು ಮೊಲದ ರಕ್ತದಲ್ಲಿ ಹುಟ್ಟುತ್ತವೆ. ಅವುಗಳನ್ನು ಶುದ್ಧಗೊಳಿಸಿ, ತೆಳುವಾಗಿ ಕತ್ತರಿಸಿದ ಅಂಗಾಂಶದ ಮೇಲೆ ಹಾಕುತ್ತಾರೆ. ಅಂಟಿಕೊಂಡ ಪ್ರತಿಕಾಯವನ್ನು ಹಿಡಿಯಲು ಕಿಣ್ವ ಹೊತ್ತ ಎರಡನೆಯ ಪ್ರತಿಕಾಯ. ಆ ಕಿಣ್ವ ಒಂದು ರಾಸಾಯನಿಕವನ್ನು ಕಂದು ಬಣ್ಣದ ಕಣಗಳನ್ನಾಗಿ ಮಾರ್ಪಡಿಸುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಂದು ಕಂಡರೆ ಪ್ರೋಟೀನು ಇದೆ, ಕಾಣದಿದ್ದರೆ ಇಲ್ಲ. ಹೀಗೆಂದು ನಾವು ಓದುತ್ತೇವೆ.

ಆದರೆ ಕಂದು ಬಣ್ಣ ಹೇಳುವುದು ಇಷ್ಟೇ: ಇಲ್ಲಿ ಏನೋ ಅಂಟಿಕೊಂಡಿದೆ. ಅದು ನಮಗೆ ಬೇಕಾದ ಪ್ರೋಟೀನಿಗೇ ಅಂಟಿಕೊಂಡಿದೆಯೇ ಎಂಬುದನ್ನು ಬಣ್ಣ ಹೇಳುವುದಿಲ್ಲ. ಕಂದು ಎರಡರಷ್ಟು ಗಾಢವಾದರೆ ಪ್ರೋಟೀನು ಎರಡರಷ್ಟಿದೆ ಎಂದೂ ಹೇಳುವಂತಿಲ್ಲ. ಬಣ್ಣದ ದ್ರಾವಣಗಳಿಗೆ ನಾವು ಕಲಿಸುವ ಬಿಯರ್-ಲ್ಯಾಂಬರ್ಟ್ ನಿಯಮವನ್ನು ಈ ಕಂದು ಕಣಗಳು ಪಾಲಿಸುವುದಿಲ್ಲ. ಆದ್ದರಿಂದಲೇ ಭೂಪಟದಲ್ಲಿ ಸಂಖ್ಯೆಗಳ ಬದಲು 'ಇಲ್ಲ, ದುರ್ಬಲ, ಮಧ್ಯಮ, ಪ್ರಬಲ' ಎಂಬ ನಾಲ್ಕು ಮಟ್ಟಗಳಿವೆ.

ಪ್ರತಿಕಾಯವನ್ನು ಅಳತೆಯ ಉಪಕರಣವನ್ನಾಗಿ ಮಾಡಿದವರಲ್ಲಿ ಮೊದಲಿಗರು ಒಬ್ಬ ಭೌತವಿಜ್ಞಾನಿ ಎಂಬುದು ಗಮನಾರ್ಹ. ನ್ಯೂಕ್ಲಿಯರ್ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ರೊಸಾಲಿನ್ ಯಾಲೊ, ವೈದ್ಯ ಸೊಲೊಮನ್ ಬರ್ಸನ್ ಅವರೊಡನೆ 1950ರ ದಶಕದ ಕೊನೆಯಲ್ಲಿ ರಕ್ತದಲ್ಲಿನ ಇನ್ಸುಲಿನ್ನನ್ನು ಅಳೆಯುವ ರೇಡಿಯೋಇಮ್ಯುನೊಅಸ್ಸೇ ವಿಧಾನವನ್ನು ರೂಪಿಸಿದರು. ಅದಕ್ಕಾಗಿ ಅವರಿಗೆ 1977ರಲ್ಲಿ ನೊಬೆಲ್ ಪಾರಿತೋಷಕ ಬಂತು. ಗೊತ್ತಿರುವ ಪ್ರಮಾಣದ ಇನ್ಸುಲಿನ್ನಿನಿಂದ ಮೊದಲು ಒಂದು ಮಾನಕ ರೇಖೆಯನ್ನು ಎಳೆದುಕೊಂಡು, ಅಪರಿಚಿತ ಮಾದರಿಯನ್ನು ಆ ರೇಖೆಗೆ ಹೋಲಿಸುವುದು ಆ ವಿಧಾನದ ಜೀವಾಳ. ಮುಂದೆ ಪ್ರತಿಕಾಯಗಳು ಪುಟ್ಟ ಸೀಸೆಗಳಲ್ಲಿ ಅಂಗಡಿಯ ಸರಕಾದಾಗ, ಆ ಶಿಸ್ತು ಹಲವು ಕಡೆ ಸಡಿಲವಾಯಿತು.

ತಪ್ಪು ಅಂಟು ಎಷ್ಟು ದೊಡ್ಡ ತೊಂದರೆ? ಒಂದು ಸರಳ ಲೆಕ್ಕ ಮಾಡೋಣ. ರಕ್ತದ ಪ್ಲಾಸ್ಮಾದ ಒಂದು ಮಿಲಿಲೀಟರಿನಲ್ಲಿ ಆಲ್ಬುಮಿನ್ ಸುಮಾರು 40 ಮಿಲಿಗ್ರಾಂ ಇರುತ್ತದೆ. ಆರೋಗ್ಯವಂತರಲ್ಲಿ ಇಂಟರ್‌ಲ್ಯೂಕಿನ್-6 ಎಂಬ ಪ್ರೋಟೀನು ಇರುವುದು ಕೆಲವೇ ಪಿಕೊಗ್ರಾಂ. ತೂಕದ ಲೆಕ್ಕದಲ್ಲಿ ಒಂದು ಇನ್ನೊಂದರ ಸುಮಾರು ಸಾವಿರ ಕೋಟಿ ಪಟ್ಟು. ನಮ್ಮ ಪ್ರತಿಕಾಯ ಆಲ್ಬುಮಿನ್ನಿಗೆ ಹತ್ತು ಲಕ್ಷ ಪಟ್ಟು ಕಡಿಮೆ ಬಲದಿಂದ ಅಂಟುತ್ತದೆ ಎಂದುಕೊಳ್ಳಿ. ಕೇಳಲು ಅದು ಅತ್ಯುತ್ತಮ ಪ್ರತಿಕಾಯವೇ. ಆದರೂ ಸಾವಿರ ಕೋಟಿಯನ್ನು ಹತ್ತು ಲಕ್ಷದಿಂದ ಭಾಗಿಸಿದರೆ ಹತ್ತು ಸಾವಿರ ಉಳಿಯುತ್ತದೆ. ಅಂದರೆ ಒಂದು ನಿಜ ಸಂಜ್ಞೆಗೆ ಹತ್ತು ಸಾವಿರ ಸುಳ್ಳು ಸಂಜ್ಞೆ! ಚೆನ್ನಾಗಿ ತೊಳೆಯುವುದು, ಒಂದೇ ಪ್ರೋಟೀನನ್ನು ಎರಡು ಪ್ರತಿಕಾಯಗಳಿಂದ ಎರಡು ಕಡೆ ಹಿಡಿಯುವುದು ಮುಂತಾದ ಉಪಾಯಗಳಿಂದ ಇದನ್ನು ಬಹಳಷ್ಟು ತಗ್ಗಿಸುತ್ತಾರೆ. ಆದರೂ ಅಪಾಯ ಎಲ್ಲಿದೆ ಎಂಬುದನ್ನು ಈ ಲೆಕ್ಕ ತೋರಿಸುತ್ತದೆ. ಪ್ರತಿಕಾಯದ ಗುಣ ಎಂಬುದು ಪ್ರತಿಕಾಯವೊಂದರದ್ದೇ ಅಲ್ಲ, ಅದರ ಸುತ್ತ ಬೇರೆ ಏನೇನು ಎಷ್ಟೆಷ್ಟಿದೆ ಎಂಬುದನ್ನೂ ಅವಲಂಬಿಸಿದೆ. ಒಂದು ಪರೀಕ್ಷೆಯಲ್ಲಿ ಪಾಸಾದ ಪ್ರತಿಕಾಯ ಇನ್ನೊಂದರಲ್ಲಿ ನಪಾಸಾಗುವುದು ಇದೇ ಕಾರಣಕ್ಕೆ.

ಇಪ್ಪತ್ತು ವರ್ಷಗಳ ಗೊಂದಲ

ಇದು ಬರಿಯ ಲೆಕ್ಕದ ಮಾತಲ್ಲ ಎಂಬುದಕ್ಕೆ ಒಂದು ನಿದರ್ಶನ ನೋಡಿ. ಸ್ತ್ರೀ ಹಾರ್ಮೋನಾದ ಈಸ್ಟ್ರೊಜೆನ್ನನ್ನು ಗುರುತಿಸುವ ಗ್ರಾಹಕ ಪ್ರೋಟೀನು ಒಂದೇ ಎಂದು ಬಹುಕಾಲ ನಂಬಲಾಗಿತ್ತು. 1996ರಲ್ಲಿ ಸ್ವೀಡನ್ನಿನ ಕರೊಲಿನ್ಸ್ಕಾ ಸಂಸ್ಥೆಯ ವಿಜ್ಞಾನಿಗಳು ಎರಡನೆಯದನ್ನು ಪತ್ತೆ ಮಾಡಿದರು. ಹಳೆಯದಕ್ಕೆ ಆಲ್ಫಾ ಎಂದೂ ಹೊಸದಕ್ಕೆ ಬೀಟಾ ಎಂದೂ ಹೆಸರಾಯಿತು. ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಆಲ್ಫಾ ಗ್ರಾಹಕ ಬಹು ಮುಖ್ಯವಾದುದರಿಂದ, ಬೀಟಾ ಕೂಡ ಹೊಸ ಚಿಕಿತ್ಸೆಯ ಗುರಿಯಾಗಬಹುದೆಂಬ ನಿರೀಕ್ಷೆ ಸಹಜವಾಗಿಯೇ ಹುಟ್ಟಿತು. ಸ್ತನದ ಅಂಗಾಂಶದಲ್ಲಿ ಬೀಟಾ ಇದೆ ಎಂದು ಪ್ರತಿಕಾಯಗಳ ಸಹಾಯದಿಂದ ಹಲವರು ವರದಿ ಮಾಡಿದರು. ಅದು ಇದ್ದರೆ ಒಳ್ಳೆಯದು ಎಂದು ಕೆಲವರು, ಕೆಟ್ಟದ್ದು ಎಂದು ಇನ್ನು ಕೆಲವರು, ಯಾವ ಪರಿಣಾಮವೂ ಇಲ್ಲ ಎಂದು ಮತ್ತೆ ಕೆಲವರು. ಎರಡು ದಶಕ ಕಳೆದರೂ ಫಲಿತಾಂಶಗಳು ಒಂದಕ್ಕೊಂದು ಹೊಂದಲೇ ಇಲ್ಲ.

2017ರಲ್ಲಿ ಸ್ವೀಡನ್ನಿನ ತಂಡವೊಂದು, ಪ್ರೋಟೀನ್ ಭೂಪಟದ ವಿಜ್ಞಾನಿಗಳೂ ಸೇರಿ, ಬೀಟಾ ಗ್ರಾಹಕಕ್ಕೆಂದು ಬಳಕೆಯಲ್ಲಿದ್ದ 13 ಪ್ರತಿಕಾಯಗಳನ್ನು ಪರೀಕ್ಷೆಗೆ ಒಡ್ಡಿತು. ಬೀಟಾ ಖಚಿತವಾಗಿ ಇರುವ ಕೋಶಗಳನ್ನೂ ಖಚಿತವಾಗಿ ಇಲ್ಲದ ಕೋಶಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿತು. ಎಲ್ಲ ಪರೀಕ್ಷೆಗಳಲ್ಲೂ ನಿರ್ದಿಷ್ಟವಾಗಿ ಬೀಟಾವನ್ನೇ ಹಿಡಿದದ್ದು ಒಂದೇ ಒಂದು! ಆ ಒಂದರಿಂದ ಅಂಗಾಂಶಗಳನ್ನು ಮತ್ತೆ ನೋಡಿದಾಗ ವೃಷಣ, ಅಂಡಾಶಯ, ದುಗ್ಧರಸ ಅಂಗಾಂಶ ಮುಂತಾದ ಕಡೆ ಬೀಟಾ ಕಂಡಿತು. ಆರೋಗ್ಯವಂತ ಸ್ತನದಲ್ಲಾಗಲಿ ಸ್ತನ ಕ್ಯಾನ್ಸರಿನಲ್ಲಾಗಲಿ ಕಾಣಲಿಲ್ಲ. ಇದರ ಅರ್ಥವನ್ನು ಯೋಚಿಸಿ. ಎಷ್ಟೋ ಪ್ರಬಂಧಗಳು, ಎಷ್ಟೋ ವಿದ್ಯಾರ್ಥಿಗಳ ವರ್ಷಗಳು, ರೋಗಿಗಳು ನಂಬಿ ಕೊಟ್ಟ ಎಷ್ಟೋ ಅಂಗಾಂಶದ ತುಣುಕುಗಳು, ಕೊನೆಗೆ ಯಾವ ಪ್ರೋಟೀನನ್ನು ನೋಡಿದೆವು ಎಂದೇ ತಿಳಿಯದ ಸ್ಥಿತಿಗೆ ಬಂದವು.

ಇಲ್ಲಿ ಓದುಗರಿಗೆ ಒಂದು ಎಚ್ಚರಿಕೆ ಹೇಳಬೇಕು. ಆಸ್ಪತ್ರೆಗಳಲ್ಲಿ ಸ್ತನ ಕ್ಯಾನ್ಸರಿಗೆ ಮಾಡುವ ಆಲ್ಫಾ ಗ್ರಾಹಕದ ಪರೀಕ್ಷೆ ಬೇರೆ. ಅದರ ಪ್ರತಿಕಾಯಗಳನ್ನು ದೀರ್ಘಕಾಲ ಒರೆಗೆ ಹಚ್ಚಲಾಗಿದೆ, ರೋಗಿಗಳ ಚಿಕಿತ್ಸಾ ಫಲಿತಾಂಶದೊಂದಿಗೆ ಹೋಲಿಸಲಾಗಿದೆ. ಸಂಶೋಧನೆಗೆಂದು ಮಾರುವ ಪ್ರತಿಕಾಯಗಳ ತೊಂದರೆಯನ್ನು ಕೇಳಿ ಯಾರೂ ವೈದ್ಯರ ಪರೀಕ್ಷೆಯನ್ನು ನಿರಾಕರಿಸಬಾರದು.

ಐದು ಕಂಬಗಳ ಚಪ್ಪರ

2015ರಲ್ಲಿ ಆಂಡ್ರೂ ಬ್ರಾಡ್ಬರಿ ಮತ್ತು ಆಂಡ್ರಿಯಾಸ್ ಪ್ಲುಕ್ಥುನ್ ಎಂಬ ವಿಜ್ಞಾನಿಗಳು, ನೂರಕ್ಕೂ ಹೆಚ್ಚು ಸಹೋದ್ಯೋಗಿಗಳ ಸಹಿಯೊಂದಿಗೆ, 'ನೇಚರ್' ಪತ್ರಿಕೆಯಲ್ಲಿ ಒಂದು ಕಟು ಟಿಪ್ಪಣಿ ಬರೆದರು. ಕೆಟ್ಟ ಪ್ರತಿಕಾಯಗಳಿಂದ ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 80 ಕೋಟಿ ಡಾಲರು ವ್ಯರ್ಥವಾಗುತ್ತಿದೆ ಎಂಬುದು ಅವರ ಅಂದಾಜು. ಮರುವರ್ಷ ಉಲೇನ್ ಮತ್ತು ಇತರರ ಅಂತರರಾಷ್ಟ್ರೀಯ ಸಮಿತಿಯೊಂದು ಪ್ರತಿಕಾಯಗಳ ದೃಢೀಕರಣಕ್ಕೆ ಐದು ದಾರಿಗಳನ್ನು ಸೂಚಿಸಿತು. ಇವನ್ನು ಐದು ಕಂಬಗಳೆಂದು ಕರೆಯುವ ರೂಢಿಯಿದೆ.

ಮೊದಲನೆಯದು ವಂಶವಾಹಿ ವಿಧಾನ: ಆ ಪ್ರೋಟೀನಿನ ವಂಶವಾಹಿಯನ್ನು ಕೋಶದಿಂದ ತೆಗೆದುಹಾಕಿ, ಸಂಜ್ಞೆಯೂ ಮಾಯವಾಗುತ್ತದೆಯೇ ನೋಡುವುದು. ಎರಡನೆಯದು ಪ್ರತಿಕಾಯವನ್ನೇ ಬಳಸದ ಬೇರೊಂದು ವಿಧಾನದೊಂದಿಗೆ ಹೋಲಿಸುವುದು. ಮೂರನೆಯದು ಅದೇ ಪ್ರೋಟೀನಿನ ಬೇರೆ ಭಾಗವನ್ನು ಹಿಡಿಯುವ ಸ್ವತಂತ್ರ ಪ್ರತಿಕಾಯದೊಂದಿಗೆ ತಾಳೆ ನೋಡುವುದು. ನಾಲ್ಕನೆಯದು ಪ್ರೋಟೀನಿಗೆ ಹೊಳೆಯುವ ಬಾಲವೊಂದನ್ನು ಜೋಡಿಸಿ, ಬಾಲವಿರುವಲ್ಲೇ ಪ್ರತಿಕಾಯವೂ ಇದೆಯೇ ನೋಡುವುದು. ಐದನೆಯದು ಪ್ರತಿಕಾಯ ಹಿಡಿದು ತಂದದ್ದನ್ನು ಮಾಸ್ ಸ್ಪೆಕ್ಟ್ರೋಮೀಟರಿಗೆ ಹಾಕಿ ಅದು ಯಾವ ಪ್ರೋಟೀನೆಂದು ತಿಳಿಯುವುದು.

ಐದೂ ಒಳ್ಳೆಯವೇ. ಆದರೆ ಐದೂ ಸಮಾನವೇ? ಭೌತವಿಜ್ಞಾನದ ಅಧ್ಯಾಪಕನಾಗಿ ನಾನು ಒಪ್ಪಲಾರೆ. ಸ್ಕ್ರೂ ಗೇಜಿನ ತಿರುಪನ್ನು ಮುಚ್ಚಿ ನೋಡುವುದಕ್ಕೆ ಸಮನಾದದ್ದು ಮೊದಲನೆಯದು ಮಾತ್ರ. ಎರಡನೆಯದು ಇನ್ನೊಂದು ಗೇಜಿನೊಂದಿಗೆ ಹೋಲಿಸಿದಂತೆ. ಎರಡೂ ಒಂದೇ ದಿಕ್ಕಿನಲ್ಲಿ ಏರಿಳಿದರೆ ಸಮಾಧಾನವಾಗುತ್ತದೆಯೇ ಹೊರತು ಸಂಶಯ ಪೂರ್ತಿ ತೀರುವುದಿಲ್ಲ.

ಮಾನವ ಪ್ರೋಟೀನ್ ಭೂಪಟದ ದುರ್ಬಲ ಕೊಂಡಿ ನನಗೆ ಕಾಣುವುದು ಇಲ್ಲಿಯೇ. ಮನುಷ್ಯರ ಅಂಗಾಂಶದಿಂದ ವಂಶವಾಹಿಯನ್ನು ತೆಗೆದು ನೋಡಲು ಸಾಧ್ಯವಿಲ್ಲ. ಆದ್ದರಿಂದ ಅಂಗಾಂಶ ಚಿತ್ರಗಳ ದೃಢೀಕರಣ ಮುಖ್ಯವಾಗಿ ಎರಡನೆಯ ಮತ್ತು ಮೂರನೆಯ ಕಂಬಗಳ ಮೇಲೆ ನಿಂತಿದೆ. ಎರಡನೆಯದರಲ್ಲಿ ಸಾಮಾನ್ಯವಾಗಿ ಹೋಲಿಸುವುದು ಆ ಅಂಗಾಂಶದಲ್ಲಿರುವ ಆರ್‌ಎನ್‌ಎ ಪ್ರಮಾಣದೊಂದಿಗೆ. ಆರ್‌ಎನ್‌ಎಗೆ ಹೊಂದುವ ಪ್ರತಿಕಾಯಕ್ಕೆ ಹೆಚ್ಚಿನ ಅಂಕ, ಹೊಂದದ್ದಕ್ಕೆ ಕಡಿಮೆ. ಆದರೆ ಆರ್‌ಎನ್‌ಎ ಇರುವಲ್ಲೆಲ್ಲ ಅದೇ ಪ್ರಮಾಣದಲ್ಲಿ ಪ್ರೋಟೀನು ಇರಲೇಬೇಕೆಂಬ ನಿಯಮವಿಲ್ಲ. ರಕ್ತದಲ್ಲಿ ಹರಿಯುವ ಎಷ್ಟೋ ಪ್ರೋಟೀನುಗಳು ತಯಾರಾಗುವುದು ಯಕೃತ್ತಿನಲ್ಲಿ, ಕಾಣಸಿಗುವುದು ಬೇರೆಲ್ಲೋ. ಆರ್‌ಎನ್‌ಎ ನೋಡಿ ಪ್ರತಿಕಾಯಗಳನ್ನು ಆಯ್ದು, ಆ ಪ್ರತಿಕಾಯಗಳ ಚಿತ್ರಗಳಿಂದ 'ಆರ್‌ಎನ್‌ಎ ಮತ್ತು ಪ್ರೋಟೀನು ಚೆನ್ನಾಗಿ ಹೊಂದುತ್ತವೆ' ಎಂದು ಯಾರಾದರೂ ತೀರ್ಮಾನಿಸಿದರೆ, ಅದು ಒಂದು ಉಷ್ಣಮಾಪಕವನ್ನು ಇನ್ನೊಂದರಿಂದ ತಿದ್ದಿ, ಬಳಿಕ ಎರಡೂ ಒಂದೇ ತಾಪವನ್ನು ತೋರಿಸುತ್ತವೆ ಎಂದು ಹಿಗ್ಗಿದಂತೆ. ಭೂಪಟವನ್ನು ಬಳಸುವವರು ಈ ವರ್ತುಲಕ್ಕೆ ಬೀಳದಂತೆ ಎಚ್ಚರವಿರಬೇಕು.

ಖಾಲಿ ಅಳತೆಯ ಮಹತ್ವ

ಮೊದಲನೆಯ ಕಂಬವೇ ಬಲವಾದದ್ದು ಎಂಬ ಮಾತಿಗೆ ಈಗ ಪುರಾವೆಯೂ ಇದೆ. ಕ್ರಿಸ್ಪರ್ ತಂತ್ರ ಬಂದ ಮೇಲೆ ಬೇಕಾದ ವಂಶವಾಹಿಯನ್ನು ಕೋಶದಿಂದ ಕತ್ತರಿಸಿ ತೆಗೆಯುವುದು ಸುಲಭವಾಗಿದೆ. ಹೀಗೆ ಮಾಡಿದ ಕೋಶಗಳನ್ನು ನಾಕೌಟ್ ಕೋಶಗಳೆನ್ನುತ್ತಾರೆ. ಇವೇ ನಮ್ಮ 'ಏನೂ ಇಡದ ಗೇಜು'. ಕೆನಡಾದ ಮಾಂಟ್ರಿಯಲ್ ನ್ಯೂರಾಲಜಿಕಲ್ ಇನ್‌ಸ್ಟಿಟ್ಯೂಟಿನ ಪೀಟರ್ ಮೆಕ್‌ಫರ್ಸನ್ ಅವರ ತಂಡ 2019ರಲ್ಲಿ ಸಿ9ಓಆರ್‌ಎಫ್72 ಎಂಬ ಪ್ರೋಟೀನಿನ ಪ್ರತಿಕಾಯಗಳನ್ನು ಹೀಗೆ ಪರೀಕ್ಷಿಸಿತು. ನರಗಳನ್ನು ಕ್ಷೀಣಗೊಳಿಸುವ ಎಎಲ್‌ಎಸ್ ರೋಗಕ್ಕೆ ಈ ಪ್ರೋಟೀನಿನ ವಂಶವಾಹಿ ಮುಖ್ಯ ಕಾರಣಗಳಲ್ಲೊಂದು. ಬಹಳ ಸಲ ಉಲ್ಲೇಖಗೊಂಡ ಪ್ರಬಂಧಗಳಲ್ಲಿ ಬಳಸಿದ್ದ ಕೆಲವು ಪ್ರತಿಕಾಯಗಳು ಆ ಪ್ರೋಟೀನನ್ನು ಗುರುತಿಸುವುದೇ ಇಲ್ಲ ಎಂಬುದು ಹೊರಬಿತ್ತು.

ಇದೇ ಕೆಲಸ ಮುಂದೆ ವೈಕ್ಯಾರೋಸ್ ಎಂಬ ಮುಕ್ತ ಯೋಜನೆಯಾಗಿ ಬೆಳೆಯಿತು. ಪ್ರತಿಕಾಯ ತಯಾರಕರೇ ತಮ್ಮ ಸರಕನ್ನು ಪರೀಕ್ಷೆಗೆ ಒದಗಿಸಿದರು ಎಂಬುದು ಮೆಚ್ಚಬೇಕಾದ ಸಂಗತಿ. 2023ರಲ್ಲಿ ಪ್ರಕಟವಾದ ಇದರ ವರದಿಯಲ್ಲಿ ನರವಿಜ್ಞಾನಕ್ಕೆ ಸಂಬಂಧಿಸಿದ 65 ಪ್ರೋಟೀನುಗಳಿಗೆ ದೊರೆಯುವ 614 ಪ್ರತಿಕಾಯಗಳನ್ನು ನಾಕೌಟ್ ಕೋಶಗಳ ಪಕ್ಕದಲ್ಲಿಟ್ಟು ನೋಡಲಾಗಿದೆ. ಅರ್ಧಕ್ಕಿಂತ ಹೆಚ್ಚು ಪ್ರತಿಕಾಯಗಳು ಒಂದಲ್ಲ ಒಂದು ಪರೀಕ್ಷೆಯಲ್ಲಿ ಸೋತವು. ಸೋತ ಪ್ರತಿಕಾಯಗಳಿಂದ ಪಡೆದ ಮಾಹಿತಿಯುಳ್ಳ ಪ್ರಬಂಧಗಳು ಪ್ರತಿ ಪ್ರೋಟೀನಿಗೆ ಸರಾಸರಿ ಸುಮಾರು ಹನ್ನೆರಡು. ಕೋಶದೊಳಗೆ ಹೊಳಪಿನಿಂದ ಗುರುತಿಸುವ ಪರೀಕ್ಷೆಗೆ ಶಿಫಾರಸಾದ ಪ್ರತಿಕಾಯಗಳಲ್ಲಿ, ತಯಾರಕರು ವಂಶವಾಹಿ ವಿಧಾನದಿಂದ ದೃಢೀಕರಿಸಿದ್ದವುಗಳ ಪೈಕಿ ಶೇ. 80ರಷ್ಟು ಗೆದ್ದವು. ಬರಿಯ ಹೋಲಿಕೆಯ ವಿಧಾನದಿಂದ, ಅಂದರೆ ಎರಡನೆಯ ಕಂಬದಿಂದ, ದೃಢೀಕರಿಸಿದ್ದವುಗಳಲ್ಲಿ ಗೆದ್ದದ್ದು ಶೇ. 38 ಮಾತ್ರ. ಐದು ಕಂಬಗಳು ಸಮಾನವಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಮಾತು ಬೇಕೇ?

ಈ ವರದಿಯಲ್ಲಿ ಆಶಾದಾಯಕ ಸಂಗತಿಗಳೂ ಇವೆ. ಪರೀಕ್ಷೆಯ ವಿಧವನ್ನು ಅವಲಂಬಿಸಿ, ಅರ್ಧದಿಂದ ಮುಕ್ಕಾಲು ಪಾಲು ಪ್ರೋಟೀನುಗಳಿಗೆ ಒಂದಾದರೂ ಉತ್ತಮ ಪ್ರತಿಕಾಯ ಮಾರುಕಟ್ಟೆಯಲ್ಲೇ ಇದೆ. ಪ್ರಾಣಿಯ ರಕ್ತದಿಂದ ಪಡೆಯದೆ, ಗೊತ್ತಿರುವ ಡಿಎನ್‌ಎ ಸೂಚನೆಯಿಂದ ಪ್ರಯೋಗಾಲಯದಲ್ಲಿ ತಯಾರಿಸಿದ ರಿಕಾಂಬಿನೆಂಟ್ ಪ್ರತಿಕಾಯಗಳು ಸರಾಸರಿಯಲ್ಲಿ ಉಳಿದವಕ್ಕಿಂತ ಉತ್ತಮವಾಗಿದ್ದವು. ಫಲಿತಾಂಶ ತಿಳಿದ ಮೇಲೆ ತಯಾರಕರು ನಿರೀಕ್ಷೆ ಮುಟ್ಟದ ಪ್ರತಿಕಾಯಗಳಲ್ಲಿ ಸುಮಾರು ಶೇ. 20ನ್ನು ಮಾರಾಟದಿಂದ ಹಿಂತೆಗೆದುಕೊಂಡರು, ಸುಮಾರು ಶೇ. 40ರ ಬಳಕೆಯ ಶಿಫಾರಸನ್ನು ಬದಲಿಸಿದರು.

ಪ್ರತಿಕಾಯ ಬಿಟ್ಟರೆ ತೊಂದರೆ ತಪ್ಪೀತೇ?

'ಪ್ರತಿಕಾಯಗಳ ಗೋಜೇ ಬೇಡ, ಮಾಸ್ ಸ್ಪೆಕ್ಟ್ರೋಮೀಟರಿನಿಂದ ನೇರವಾಗಿ ಅಳೆಯೋಣ' ಎಂದು ನೀವು ಹೇಳಬಹುದು. ಅದು ಭೌತವಿಜ್ಞಾನದ ಉಪಕರಣವಾದುದರಿಂದ ನನಗೂ ಹಾಗೆ ಹೇಳುವ ಆಸೆ. ಈ ದಾರಿಯಲ್ಲಿ ನಮ್ಮ ಬೆಂಗಳೂರಿಗೆ ಹೆಮ್ಮೆಯ ಸ್ಥಾನವಿದೆ. 2014ರ ಮೇ ತಿಂಗಳಲ್ಲಿ 'ನೇಚರ್' ಪ್ರಕಟಿಸಿದ ಮಾನವ ಪ್ರೋಟಿಯೋಮಿನ ಎರಡು ಕರಡು ನಕ್ಷೆಗಳಲ್ಲಿ ಒಂದು, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ಮತ್ತು ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಜೊತೆಗೂಡಿ ಅಖಿಲೇಶ್ ಪಾಂಡೆ ಅವರ ನೇತೃತ್ವದಲ್ಲಿ ತಯಾರಿಸಿದ್ದು. 30 ಬಗೆಯ ಮಾನವ ಮಾದರಿಗಳಿಂದ 17,294 ವಂಶವಾಹಿಗಳ ಪ್ರೋಟೀನುಗಳನ್ನು ಅದು ಗುರುತಿಸಿತು.

ಆದರೆ ಅದೇ ವರ್ಷ ಸ್ಪೇನಿನ ವಿಜ್ಞಾನಿಗಳು ಒಂದು ಸರಳ ಪ್ರಶ್ನೆ ಎತ್ತಿದರು. ಎರಡೂ ಕರಡುಗಳಲ್ಲಿ ವಾಸನೆಯನ್ನು ಗ್ರಹಿಸುವ ಪ್ರೋಟೀನುಗಳು ನೂರಕ್ಕೂ ಹೆಚ್ಚು ಸಿಕ್ಕಿವೆ. ಅವು ಇರಬೇಕಾದದ್ದು ಮುಖ್ಯವಾಗಿ ಮೂಗಿನಲ್ಲಿ. ಮೂಗಿನ ಅಂಗಾಂಶವನ್ನು ಅಳೆಯದೆ ಅವು ಬಂದದ್ದು ಎಲ್ಲಿಂದ? ಇಲ್ಲದಿರುವಲ್ಲಿ ಕಂಡದ್ದು ವಿಶ್ಲೇಷಣೆಯ ದೋಷ ಎಂಬುದು ಅವರ ವಾದ. ಗಮನಿಸಿ, ಇದೂ ಶೂನ್ಯ ದೋಷದ ಪರೀಕ್ಷೆಯೇ, ಬೇರೆ ವೇಷದಲ್ಲಿ. ಈ ಟೀಕೆಯಿಂದ ಕರಡುಗಳು ವ್ಯರ್ಥವಾಗಲಿಲ್ಲ. ಪುರಾವೆಯ ನಿಯಮಗಳು ಬಿಗಿಯಾದವು. 2010ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಮಾನವ ಪ್ರೋಟಿಯೋಮ್ ಯೋಜನೆ, ಬಿಗಿಯಾದ ನಿಯಮಗಳ ಮೇಲೆಯೇ ಶೇ. 90.4 ಪ್ರೋಟೀನುಗಳಿಗೆ ಗಟ್ಟಿ ಪುರಾವೆ ದೊರೆತಿದೆ ಎಂದು 2020ರಲ್ಲಿ ಘೋಷಿಸಿತು.

ಈಗ ಪಣ ಇನ್ನೂ ದೊಡ್ಡದು. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಸುಮಾರು 54,000 ಜನರ ರಕ್ತದಲ್ಲಿ 2,923 ಪ್ರೋಟೀನುಗಳನ್ನು ಜೋಡಿ ಪ್ರತಿಕಾಯಗಳ ವಿಧಾನದಿಂದ ಅಳೆದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಮಾದರಿಗಳನ್ನು ಆರು ಲಕ್ಷಕ್ಕೂ ಪ್ರೋಟೀನುಗಳನ್ನು 5,400ಕ್ಕೂ ಏರಿಸುವ ಯೋಜನೆಯನ್ನು 2025ರ ಜನವರಿಯಲ್ಲಿ ಪ್ರಕಟಿಸಲಾಯಿತು. 2023ರಲ್ಲೇ ಐಸ್‌ಲ್ಯಾಂಡಿನ ವಿಜ್ಞಾನಿಗಳು ಈ ವಿಧಾನವನ್ನು, ಪ್ರತಿಕಾಯಗಳ ಬದಲು ಆಪ್ಟಮರ್ ಎಂಬ ನ್ಯೂಕ್ಲಿಯಿಕ್ ಆಮ್ಲದ ಎಳೆಗಳನ್ನು ಬಳಸುವ ಇನ್ನೊಂದು ವಿಧಾನದೊಂದಿಗೆ ಹೋಲಿಸಿದಾಗ, ಎರಡರ ಅಳತೆಗಳ ನಡುವಿನ ಹೊಂದಾಣಿಕೆ ಒಟ್ಟಾರೆಯಾಗಿ ಸಾಧಾರಣವೆಂದು ಕಂಡುಬಂತು. ಒಂದೇ ತಂತಿಗೆ ಎರಡು ಗೇಜುಗಳು ಎರಡು ವ್ಯಾಸ ಹೇಳಿದರೆ ನಾವು ವಿದ್ಯಾರ್ಥಿಗೆ ಏನು ಹೇಳುತ್ತೇವೆ? ಮೊದಲು ಗೇಜುಗಳನ್ನು ನೋಡು ಎನ್ನುತ್ತೇವೆ.

ಭೂಪಟದ ಗುಣ-ದೋಷ

ಹಾಗಾದರೆ ಮಾನವ ಪ್ರೋಟೀನ್ ಭೂಪಟವನ್ನು ಹೇಗೆ ತೂಗಬೇಕು? ಅದರ ಮೊದಲ ಗುಣ ಪ್ರಾಮಾಣಿಕತೆ. ಪ್ರತಿ ಪ್ರೋಟೀನಿನ ಚಿತ್ರಗಳಿಗೂ ಅದು ವಿಶ್ವಾಸಾರ್ಹತೆಯ ದರ್ಜೆ ಕೊಟ್ಟಿದೆ. ಹೆಚ್ಚಿನ ದೃಢೀಕರಣ ಆಗಿರುವುದು, ಬೆಂಬಲವಿರುವುದು, ಅಂಗೀಕೃತ, ಅನಿಶ್ಚಿತ ಎಂಬ ನಾಲ್ಕು ದರ್ಜೆಗಳು. ತನ್ನದೇ ಚಿತ್ರಗಳ ಮೇಲೆ 'ಅನಿಶ್ಚಿತ' ಎಂದು ಬರೆದುಕೊಳ್ಳುವ ಧೈರ್ಯ ಎಷ್ಟು ಗ್ರಂಥಗಳಿಗಿದೆ? ಎರಡನೆಯ ಗುಣ, ಮೂಲ ಚಿತ್ರಗಳನ್ನೆಲ್ಲ ಎದುರಿಗಿಟ್ಟಿರುವುದು. ತೀರ್ಮಾನ ಒಪ್ಪದಿದ್ದರೆ ನೀವೇ ನೋಡಬಹುದು. ಮೂರನೆಯದು, ಬೀಟಾ ಗ್ರಾಹಕದ ಪ್ರಕರಣದಲ್ಲಿ ಕಂಡಂತೆ, ತನ್ನ ಕ್ಷೇತ್ರದ ತಪ್ಪನ್ನು ತಾನೇ ಬಯಲಿಗೆಳೆಯಲು ಅದರ ವಿಜ್ಞಾನಿಗಳು ಹಿಂಜರಿಯಲಿಲ್ಲ.

ಇನ್ನು ದೋಷಗಳು. ಚಿತ್ರ ದೊಡ್ಡದಾಗಿ, ಸುಂದರವಾಗಿ ಕಣ್ಣಿಗೆ ಬೀಳುತ್ತದೆ. ದರ್ಜೆ ಒಂದು ಪುಟ್ಟ ಪದವಾಗಿ ಪಕ್ಕದಲ್ಲಿ ಕುಳಿತಿರುತ್ತದೆ. ಅನಿಶ್ಚಿತ ಚಿತ್ರದ ಕಂದು ಬಣ್ಣವೂ ಖಚಿತ ಚಿತ್ರದಷ್ಟೇ ಗಾಢ! ಅವಸರದ ಓದುಗ ಚಿತ್ರವನ್ನು ನಕಲು ಮಾಡಿಕೊಳ್ಳುತ್ತಾನೆ, ದರ್ಜೆಯನ್ನು ಬಿಡುತ್ತಾನೆ. ಎರಡನೆಯದಾಗಿ, ಇದರ ಬಹುಪಾಲು ಪ್ರತಿಕಾಯಗಳು ಮೊಲಗಳಿಂದ ಪಡೆದ ಮಿಶ್ರ ಪ್ರತಿಕಾಯಗಳು. ಒಂದು ಮೊಲದ ಸಂಗ್ರಹ ಮುಗಿದರೆ ಇನ್ನೊಂದು ಮೊಲದ್ದು ಹಾಗೆಯೇ ಇರುತ್ತದೆಂದು ಹೇಳಲಾಗದು. ಎಂದೋ ಮಾಡಿದ ದೃಢೀಕರಣ ಹೊಸ ಸೀಸೆಗೆ ತಾನಾಗಿ ಅನ್ವಯಿಸುವುದಿಲ್ಲ. ಮೂರನೆಯದಾಗಿ, ಈ ಪ್ರತಿಕಾಯಗಳನ್ನು ಮಾರಲು ಯೋಜನೆಯ ಸಂಶೋಧಕರೇ 2006ರಲ್ಲಿ ಒಂದು ಕಂಪೆನಿಯನ್ನು ಸ್ಥಾಪಿಸಿದರು. ಇದರಲ್ಲಿ ಮುಚ್ಚುಮರೆಯಿಲ್ಲ, ಮಾಹಿತಿಯೆಲ್ಲ ಬಹಿರಂಗವಾಗಿದೆ. ಆದರೂ ತಯಾರಿಸುವವರು, ಅಳೆಯುವವರು ಮತ್ತು ದರ್ಜೆ ಕೊಡುವವರು ಬೇರೆ ಬೇರೆಯಾಗಿದ್ದರೆ ಒಳ್ಳೆಯದು. ವೈಕ್ಯಾರೋಸ್‌ನಂಥ ಹೊರಗಿನ ಪರೀಕ್ಷಕರು ಬೇಕಾಗಿರುವುದು ಅದಕ್ಕಾಗಿಯೇ.

ಒಟ್ಟಿನಲ್ಲಿ ನನ್ನ ತೀರ್ಮಾನ ಇದು: ಈ ಭೂಪಟ ಒಂದು ಶ್ರೇಷ್ಠ ಕೃತಿ. ಆದರೆ ಅದು ತೀರ್ಪುಗಳ ಪುಸ್ತಕವಲ್ಲ, ಸಾಕ್ಷಿಗಳ ಪುಸ್ತಕ. ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸುವ ಹೊಣೆ ಓದುವವರದು.

ನಮ್ಮ ತರಗತಿಗಳಲ್ಲಿ

ಅಧ್ಯಾಪಕ ಮಿತ್ರರಿಗೆ ಒಂದು ಸಲಹೆ. ಅಂತರಜಾಲವಿರುವ ಒಂದೇ ಕಂಪ್ಯೂಟರಿದ್ದರೂ ಸಾಕು, ಈ ಭೂಪಟದಿಂದ ಒಂದು ಒಳ್ಳೆಯ ಪ್ರಯೋಗ ಮಾಡಿಸಬಹುದು. ಮೊದಲು ಇನ್ಸುಲಿನ್ ತೆರೆಯಿರಿ. ಮೇದೋಜೀರಕ ಗ್ರಂಥಿಯ ಲ್ಯಾಂಗರ್‌ಹಾನ್ಸ್ ದ್ವೀಪಗಳು ಮಾತ್ರ ಕಂದಾಗಿರುವುದನ್ನೂ ಸುತ್ತಲಿನ ಕೋಶಗಳು ಖಾಲಿಯಾಗಿರುವುದನ್ನೂ ತೋರಿಸಿ. ಆ ಖಾಲಿ ಜಾಗವೇ ಈ ಚಿತ್ರವನ್ನು ನಂಬುವಂತೆ ಮಾಡುತ್ತದೆ ಎಂದು ಹೇಳಿ. ಬಳಿಕ 'ಅನಿಶ್ಚಿತ' ದರ್ಜೆಯ ಪ್ರೋಟೀನೊಂದನ್ನು ವಿದ್ಯಾರ್ಥಿಗಳೇ ಹುಡುಕಲಿ. ಎರಡು ಪ್ರತಿಕಾಯಗಳ ಚಿತ್ರಗಳು ಒಂದಕ್ಕೊಂದು ಹೊಂದುತ್ತವೆಯೇ, ಆರ್‌ಎನ್‌ಎ ಏನು ಹೇಳುತ್ತದೆ, ಇದನ್ನು ತೀರ್ಮಾನಿಸಲು ಯಾವ ಪ್ರಯೋಗ ಮಾಡಬೇಕು ಎಂದು ಅವರೇ ಬರೆಯಲಿ. ಸರಿ ಉತ್ತರವಿಲ್ಲದ ಪ್ರಶ್ನೆ ಎಂದು ಹೆದರಬೇಡಿ. ಅಂಥ ಪ್ರಶ್ನೆಗಳಿಂದಲೇ ವಿಜ್ಞಾನ ಮುಂದುವರಿಯುವುದು.

ಸಂಶೋಧನೆಗೆ ಹೊರಟಿರುವ ವಿದ್ಯಾರ್ಥಿಗಳಿಗೂ ಒಂದು ಮಾತು. ಒಂದು ಸೀಸೆ ಪ್ರತಿಕಾಯಕ್ಕೆ ನಮ್ಮಲ್ಲಿ ಹತ್ತಾರು ಸಾವಿರ ರೂಪಾಯಿ ಬೀಳುತ್ತದೆ, ಬರಲು ವಾರಗಟ್ಟಲೆ ಹಿಡಿಯುತ್ತದೆ. ಅಷ್ಟು ಕಾದು ತರಿಸಿದ್ದು ಸರಿಯಿಲ್ಲ ಎಂದು ಒಪ್ಪಿಕೊಳ್ಳಲು ಮನಸ್ಸು ಬಾರದು. ಆದ್ದರಿಂದ ಪರೀಕ್ಷೆಯನ್ನು ಮೊದಲ ದಿನವೇ ಮಾಡಿ. ಕೊಳ್ಳುವ ಮುನ್ನ ಯಾವ ಕೋಶದಲ್ಲಿ, ಯಾವ ವಿಧಾನದಲ್ಲಿ, ನಾಕೌಟ್ ಪಕ್ಕದಲ್ಲಿಟ್ಟು ಪರೀಕ್ಷಿಸಿದ್ದಾರೆಯೇ ಎಂದು ಕೇಳಿ. ಬಂದ ಮೇಲೆ ಆ ಪ್ರೋಟೀನು ಇಲ್ಲದ ಒಂದು ಮಾದರಿಯನ್ನು ಎಲ್ಲ ಮಾದರಿಗಳಿಗಿಂತ ಮೊದಲು ಹಾಕಿ. ಮಾರ್ಗದರ್ಶಕರು ಅವಸರ ಮಾಡಿದರೂ ಅದನ್ನು ಬಿಡಬೇಡಿ. ಪ್ರಬಂಧದಲ್ಲಿ ಪ್ರತಿಕಾಯದ ಸಂಖ್ಯೆಯನ್ನೂ ತಂಡದ ಸಂಖ್ಯೆಯನ್ನೂ ತಪ್ಪದೆ ನಮೂದಿಸಿ.

ಅಂದು ಸಭೆಯಲ್ಲಿ ಕುಳಿತಿದ್ದ ಆ ವಿದ್ಯಾರ್ಥಿ ಈಗ ಬೇರೆಡೆ ಅಧ್ಯಾಪಕರಾಗಿದ್ದಾರೆ. ಈಚೆಗೆ ಭೇಟಿಯಾದಾಗ, ತಮ್ಮ ವಿದ್ಯಾರ್ಥಿಗಳ ದಿನಚರಿ ಪುಸ್ತಕದಲ್ಲಿ ಪ್ರತಿ ಪ್ರಯೋಗದ ಮೊದಲ ಸಾಲು ಖಾಲಿ ಮಾದರಿಯ ಅಳತೆಗೇ ಮೀಸಲು ಎಂದು ಹೇಳಿದರು. ಆ ಸಾಲು ತುಂಬದೆ ಅವರು ಎರಡನೆಯ ಸಾಲನ್ನು ನೋಡುವುದಿಲ್ಲವಂತೆ.